ಮೂರು ಸೆಕೆಂಡು ಕಡಿಮೆ ಬಿದ್ದ ಗೋಧಿ

ಫಾಲಿಂಗ್ ನಂಬರಿಗೆ ಸಾದಾ ಸರಾಸರಿ ತೆಗೆಯಬಾರದು. ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ ಮೊದಲ ವಾರವೇ ನಾನು ಹೇಳಿಕೊಡುವ ಪಾಠ ಇದು. ಎಂಟು ವರ್ಷ ಹೇಳಿಕೊಟ್ಟಿದ್ದೇನೆ, ಮರೆತವರಿಗೆ ಗದರಿದ್ದೂ ಇದೆ. ಆ ನವೆಂಬರಿನಲ್ಲಿ ಸಾದಾ ಸರಾಸರಿ ತೆಗೆದವಳು ನಾನೇ.

ನಾನಿರುವುದು ಸ್ವೀಡನ್ನಿನ ನೋರ್‌ಶೋಪಿಂಗ್‌ನಲ್ಲಿ. ಬಂದರಿನಿಂದ ಧಾನ್ಯ ರಫ್ತು ಮಾಡುವ ಕಂಪನಿಯೊಂದರ ಗುಣಮಟ್ಟ ವಿಭಾಗದಲ್ಲಿ ಕೆಲಸ. ಯಾವ ಸೈಲೋ ಕಣಜದಿಂದ ಎಷ್ಟು ಗೋಧಿ ತೆಗೆದು ಹಡಗಿನ ಯಾವ ಹೊಟ್ಟೆಗೆ ಸುರಿಯಬೇಕು ಅನ್ನುವ ಲೋಡಿಂಗ್ ಪ್ಲ್ಯಾನ್ ಬರೆಯುವವಳು ನಾನು. ನಾನು ಬರೆದಂತೆ ಧಾನ್ಯ ಸಾಗಿಸುವ ಬೆಲ್ಟು ಓಡುತ್ತದೆ.

ಆ ಸಲದ ಹಡಗು ಉತ್ತರ ಆಫ್ರಿಕದ ಒಂದು ದೇಶಕ್ಕೆ ಹೋಗಬೇಕಿತ್ತು. ದೇಶದ ಹೆಸರು ಹೇಳುವುದಿಲ್ಲ. ಅಲ್ಲಿಯ ಖಾಸಗಿ ಗಿರಣಿಗಳು ಬೆರಳೆಣಿಕೆಯಷ್ಟು, ಹೇಳಿದರೆ ಯಾರೆಂದು ಗೊತ್ತಾಗಿಬಿಡುತ್ತದೆ. ಅಲ್ಲಿಯ ಜನ ತಿನ್ನುವ ರೊಟ್ಟಿಯ ಬಹುಪಾಲು ಗೋಧಿ ಸಮುದ್ರ ದಾಟಿಯೇ ಬರಬೇಕು, ಮತ್ತು ಅದನ್ನು ಡಾಲರಿನಲ್ಲೇ ಕೊಳ್ಳಬೇಕು. ಡಾಲರು ಅವರಲ್ಲಿ ಬತ್ತಿಹೋಗಿತ್ತು. ಕೈಯಲ್ಲಿ ತಮ್ಮ ದೇಶದ ದುಡ್ಡು ರಾಶಿ ಇದ್ದರೂ ಅದನ್ನು ಡಾಲರು ಮಾಡಿಕೊಡುವವರಿಲ್ಲ. ಗಿರಣಿಯವರು ಬ್ಯಾಂಕಿನಲ್ಲಿ ಅರ್ಜಿ ಹಾಕಿ ಕಾಯಬೇಕು, ಬ್ಯಾಂಕಿನವರು ಕೇಂದ್ರ ಬ್ಯಾಂಕಿನ ಮುಂದೆ ಕಾಯಬೇಕು.

ಆ ಗಿರಣಿಯ ಲ್ಯಾಬ್ ಮುಖ್ಯಸ್ಥೆಯನ್ನು ನಾನು ಡಾಕ್ಟರ್ ಎಂದು ಕರೆಯುತ್ತಿದ್ದೆ. ಐವತ್ತು ದಾಟಿದ ಹೆಂಗಸು, ದಪ್ಪ ಕನ್ನಡಕ, ಮಾತಿಗೊಂದು ನಗು. ನಾಲ್ಕು ವರ್ಷದಿಂದ ವಿಡಿಯೋ ಕರೆಯಲ್ಲಿ ಮಾತು, ಒಮ್ಮೆಯೂ ಭೇಟಿಯಿಲ್ಲ. ನಮ್ಮ ಮಾತು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹಡಗು ಬರುವ ಒಂದು ವಾರ ಮೊದಲು ಅವರು ಕರೆ ಮಾಡಿದ್ದರು. "ಏಳು ತಿಂಗಳು ಕಾದ ಮೇಲೆ ಡಾಲರು ಮಂಜೂರಾಗಿದೆ. ಈ ಹಡಗು ಬಂದರೆ ಬೇಸಿಗೆಯವರೆಗೆ ಗಿರಣಿ ಓಡುತ್ತದೆ. ಬರದಿದ್ದರೆ ಬೀಗ ಹಾಕ್ತೀನಿ ಅಂತ ಮಾಲೀಕರು ಹೇಳಿದ್ದಾರೆ. ಸುಮ್ಮನೆ ಹೆದರಿಸುವ ಮನುಷ್ಯ ಅಲ್ಲ ಅವರು."

"ಬರುತ್ತೆ ಡಾಕ್ಟರ್, ಚಿಂತೆ ಬೇಡ" ಅಂದೆ.

"ಹತ್ತಿರದ ದೇಶದ ಗೋಧಿ ಇನ್ನೂ ಅಗ್ಗಕ್ಕೆ ಸಿಗ್ತಿತ್ತು. ನಾನೇ ಹಟ ಹಿಡಿದೆ. ಸ್ವೀಡನ್ನಿನವರ ಕಾಗದದಲ್ಲಿ ತಪ್ಪಿರಲ್ಲ, ಬ್ಯಾಂಕಿಗೆ ನೆಪ ಸಿಗಲ್ಲ ಅಂತ ಮಾಲೀಕರ ಹತ್ತಿರ ವಾದ ಮಾಡಿದೆ. ನನ್ನ ಮಾನ ನಿಮ್ಮ ಕೈಯಲ್ಲಿದೆ, ಗೊತ್ತಾಯಿತಾ?" ಎಂದು ನಕ್ಕರು. ನಾನೂ ನಕ್ಕೆ.

ನೆಪ ಅಂದದ್ದು ಯಾಕೆಂದರೆ, ಇಂಥ ವ್ಯಾಪಾರ ನಡೆಯುವುದು ಎಲ್‌ಸಿಯ ಮೇಲೆ. ಅದು ಕೊಳ್ಳುವವರ ಬ್ಯಾಂಕು ಬರೆದುಕೊಡುವ ಭರವಸೆಯ ಪತ್ರ. ಇಂಥ ಕಾಗದಗಳನ್ನು ಇಂಥ ದಿನದೊಳಗೆ ತಂದು ತೋರಿಸಿದರೆ ದುಡ್ಡು ಕೊಡುತ್ತೇವೆ ಎಂದು ಅದರಲ್ಲಿರುತ್ತದೆ. ಬ್ಯಾಂಕು ಗೋಧಿಯನ್ನು ನೋಡುವುದಿಲ್ಲ, ಕಾಗದ ನೋಡುತ್ತದೆ. ಕಾಗದದಲ್ಲಿ ಒಂದು ಅಂಕಿ ಆಚೀಚೆಯಾದರೆ ಕೊಡುವುದಿಲ್ಲ ಅನ್ನುವ ಹಕ್ಕು ಅದಕ್ಕಿದೆ. ಒಳ್ಳೆಯ ದಿನಗಳಲ್ಲಿ ಆ ಹಕ್ಕನ್ನು ಯಾರೂ ಚಲಾಯಿಸುವುದಿಲ್ಲ. ಡಾಲರಿಲ್ಲದ ದಿನಗಳಲ್ಲಿ ಬ್ಯಾಂಕು ಕನ್ನಡಕ ಒರೆಸಿಕೊಂಡು ಓದುತ್ತದೆ.

ಈ ಎಲ್‌ಸಿಯಲ್ಲಿ ಇದ್ದ ಶರತ್ತುಗಳಲ್ಲಿ ಒಂದು, ಫಾಲಿಂಗ್ ನಂಬರ್ ಇನ್ನೂರೈವತ್ತಕ್ಕೆ ಕಡಿಮೆ ಇರಬಾರದು.

ಅದೇನೆಂದು ಹೇಳಿಬಿಡುತ್ತೇನೆ. ಏಳು ಗ್ರಾಂ ಹಿಟ್ಟಿಗೆ ಇಪ್ಪತ್ತೈದು ಮಿಲಿಲೀಟರ್ ನೀರು ಹಾಕಿ, ಗಾಜಿನ ಕೊಳವೆಯಲ್ಲಿ ಕುಲುಕಿ, ಕುದಿಯುವ ನೀರಿನಲ್ಲಿ ಇಳಿಸುತ್ತೇವೆ. ಯಂತ್ರ ಒಂದು ನಿಮಿಷ ಅದನ್ನು ಕಡೆದು, ಕಡೆಗೋಲನ್ನು ಬಿಟ್ಟುಬಿಡುತ್ತದೆ. ಬೆಂದ ಅಂಬಲಿಯ ಮೂಲಕ ಅದು ತನ್ನ ಭಾರಕ್ಕೆ ತಾನೇ ತಳ ಸೇರುವವರೆಗಿನ ಒಟ್ಟು ಸೆಕೆಂಡುಗಳೇ ಫಾಲಿಂಗ್ ನಂಬರ್. ಕೊಯ್ಲಿನ ಹೊತ್ತಿಗೆ ಮಳೆ ಬಿದ್ದು ತೆನೆಯಲ್ಲೇ ಕಾಳು ಮೊಳಕೆಯೊಡೆದಿದ್ದರೆ ಅಂಬಲಿ ಗಟ್ಟಿಯಾಗುವುದಿಲ್ಲ, ಕೋಲು ಬೇಗ ಬೀಳುತ್ತದೆ. ಮೊಳಕೆ ಕಟ್ಟಿದ ರಾಗಿಯ ಗಂಜಿ ಎಷ್ಟು ಹಿಟ್ಟು ಹಾಕಿದರೂ ನೀರಾಗುತ್ತದಲ್ಲ, ಅದೇ ಸಂಗತಿ. ಅಂಥ ಹಿಟ್ಟಿನ ರೊಟ್ಟಿ ಒಳಗೆ ಅಂಟಂಟಾಗುತ್ತದೆ.

ಆ ವರ್ಷ ಇಲ್ಲಿ ಕೊಯ್ಲಿನ ಹೊತ್ತಿಗೆ ಸರಿಯಾಗಿ ಮಳೆ ಹಿಡಿದಿತ್ತು. ನನ್ನ ಕೈಯಲ್ಲಿದ್ದದ್ದು ಎರಡು ರಾಶಿ. ಮಳೆಗೆ ಮೊದಲು ಕೊಯ್ದದ್ದು ಮುನ್ನೂರನಲವತ್ತು ಸೆಕೆಂಡಿನ ಒಳ್ಳೆಯ ಗೋಧಿ. ಮಳೆಯ ನಂತರದ್ದು ನೂರೆಪ್ಪತ್ತು. ಹಡಗಿಗೆ ಬೇಕಾದದ್ದು ಇಪ್ಪತ್ತೈದು ಸಾವಿರ ಟನ್, ಒಳ್ಳೆಯದು ಇದ್ದದ್ದು ಹದಿನೈದು ಸಾವಿರ. ಮಿಶ್ರಣ ಮಾಡಲೇಬೇಕು, ಎಲ್ಲರೂ ಮಾಡುತ್ತಾರೆ, ಅದರಲ್ಲಿ ಮೋಸವಿಲ್ಲ.

ಮಂಗಳವಾರ ಮಧ್ಯಾಹ್ನ ಕಂಪ್ಯೂಟರಿನಲ್ಲಿ ಲೆಕ್ಕದ ಶೀಟ್ ತೆರೆದು ಪ್ಲ್ಯಾನ್ ಬರೆಯಲು ಕೂತೆ. ಪ್ರೋಟೀನಿಗೆ ಸರಾಸರಿ ತೆಗೆಯಬಹುದು, ತೇವಾಂಶಕ್ಕೆ ತೆಗೆಯಬಹುದು. ಆ ಎರಡು ಕಾಲಮ್ಮಿನ ಸೂತ್ರವನ್ನು ಮೌಸಿನಲ್ಲಿ ಹಿಡಿದು ಪಕ್ಕಕ್ಕೆ ಎಳೆದೆ. ಮೂರನೆಯ ಕಾಲಮ್ಮು ಫಾಲಿಂಗ್ ನಂಬರಿನದು. ಅದೂ ತುಂಬಿಕೊಂಡಿತು. ಇನ್ನೂರೆಪ್ಪತ್ತೆರಡು ಎಂದು ತೋರಿಸಿತು. ಬೇಕಾದದ್ದಕ್ಕಿಂತ ಇಪ್ಪತ್ತೆರಡು ಹೆಚ್ಚು. ಭೇಷ್ ಅಂದುಕೊಂಡೆ.

ನಿಜವಾದ ಸೂತ್ರ ಬೇರೆ. ಫಾಲಿಂಗ್ ನಂಬರಿನಲ್ಲಿ ಒಳ್ಳೆಯದು ಕೆಟ್ಟದ್ದನ್ನು ಎತ್ತುವುದಿಲ್ಲ, ಕೆಟ್ಟದ್ದೇ ಒಳ್ಳೆಯದನ್ನು ಎಳೆದುಕೊಳ್ಳುತ್ತದೆ. ಕೊಡ ಹಾಲಿಗೆ ತೊಟ್ಟು ಹುಳಿ ಬಿದ್ದರೆ ಹಾಲು ಅಷ್ಟಕ್ಕೆ ಅಷ್ಟೇ ಹುಳಿಯಾಗುತ್ತದೆಯೇ? ಆ ಮಿಶ್ರಣದ ನಿಜವಾದ ಅಂಕಿ ಇನ್ನೂರ ಮೂವತ್ತೈದರ ಆಸುಪಾಸು.

ನಾನು ಬರೆದ ಪ್ಲ್ಯಾನನ್ನು ಇನ್ನೊಬ್ಬರು ನೋಡಿ ಸಹಿ ಹಾಕಬೇಕು, ಅದು ನಿಯಮ. ನೋಡಬೇಕಾದ ಸಹೋದ್ಯೋಗಿಯ ಮಗುವಿಗೆ ಜ್ವರ. ಅವನು ವಾಬ್‌ನಲ್ಲಿದ್ದ. ಕಾಯಿಲೆ ಬಿದ್ದ ಮಗುವನ್ನು ನೋಡಿಕೊಳ್ಳಲು ಇಲ್ಲಿ ಅಪ್ಪಂದಿರೂ ಅಮ್ಮಂದಿರೂ ತೆಗೆದುಕೊಳ್ಳುವ ರಜೆ ಅದು, ಆ ಹೊತ್ತಿನಲ್ಲಿ ಕರೆ ಮಾಡುವುದು ಒರಟುತನ. ಮೆಸೇಜು ಹಾಕಿದರೆ ಐದು ನಿಮಿಷದಲ್ಲಿ ನೋಡಿ ಹೇಳುತ್ತಿದ್ದ. ಪಾಪ, ಯಾಕೆ ತೊಂದರೆ ಕೊಡಲಿ ಅಂದುಕೊಂಡೆ. ಎಂಟು ವರ್ಷದ ಅನುಭವ ನನ್ನದು, ಸರಾಸರಿ ಲೆಕ್ಕಕ್ಕೆ ಸಾಕ್ಷಿ ಬೇಕೇ ಅನ್ನುವ ಗರ್ವವೂ ಇತ್ತು. ಪರಿಶೀಲಿಸಿದವರ ಜಾಗದಲ್ಲೂ ನನ್ನ ಹೆಸರನ್ನೇ ಒತ್ತಿದೆ.

ಬುಧವಾರ ಬೆಳಗ್ಗೆ ಲೋಡಿಂಗ್ ಶುರುವಾಯಿತು. ಗುರುವಾರ ಮಧ್ಯಾಹ್ನದ ಹೊತ್ತಿಗೆ ಹಡಗಿನ ಐದು ಹೊಟ್ಟೆಗಳಲ್ಲಿ ಎರಡು ತುಂಬಿದ್ದವು. ಆಗ ಸರ್ವೇಯರ್ ನನ್ನ ಟೇಬಲಿಗೆ ಬಂದ. ಈತ ಮಾರುವವರ ಕಡೆಯವನೂ ಅಲ್ಲ, ಕೊಳ್ಳುವವರ ಕಡೆಯವನೂ ಅಲ್ಲ. ಬೆಲ್ಟಿನಿಂದ ಬೀಳುವ ಗೋಧಿಯ ಮಾದರಿ ತೆಗೆದು, ಪರೀಕ್ಷಿಸಿ, ಪ್ರಮಾಣಪತ್ರ ಕೊಡುವವನು. ಬ್ಯಾಂಕು ನಂಬುವುದು ಅವನ ಕಾಗದವನ್ನೇ.

"ಇನ್ನೂರ ಮೂವತ್ತಾರು ಬರ್ತಿದೆ" ಅಂದ. "ನಿನ್ನ ಪ್ಲ್ಯಾನಿನಲ್ಲಿ ಇನ್ನೂರೆಪ್ಪತ್ತೆರಡು ಇದೆಯಲ್ಲ?"

ಅವನ ಕೊಳವೆ ಸರಿಯಿಲ್ಲ ಅಂದೆ. ನೀರಿನ ಅಳತೆ ನೋಡಿದೆಯಾ ಅಂದೆ. ಮಾತು ಮುಗಿಯುವ ಮೊದಲೇ ನನಗೆ ಆ ಮೂರನೆಯ ಕಾಲಮ್ಮು ಕಣ್ಣಿಗೆ ಬಂತು. ಅವನೆದುರೇ ಶೀಟ್ ತೆರೆದು ಸೂತ್ರ ತೋರಿಸಿದೆ. ಅವನು ಒಂದು ನಿಮಿಷ ಅದನ್ನೇ ನೋಡಿದ. ಹೋಗಿ ಎರಡು ಲೋಟ ಕಾಫಿ ತಂದ.

ಬೆಲ್ಟು ನಿಲ್ಲಿಸಿ ರಫ್ತು ಮುಖ್ಯಸ್ಥನ ಕೋಣೆಗೆ ಹೋದೆ. ತಪ್ಪು ನನ್ನದು ಅಂತ ಮೊದಲ ವಾಕ್ಯದಲ್ಲೇ ಹೇಳಿದೆ. ಅವನು ತಲೆಯಾಡಿಸಿ, "ಸರಿ, ಈಗೇನು ಮಾಡಬಹುದು?" ಅಂದ.

ಎಲ್‌ಸಿಯ ಪ್ರಕಾರ ಭಾನುವಾರದೊಳಗೆ ಹಡಗು ತುಂಬಿರಬೇಕು. ಅದೇ ಕೊನೆಯ ದಿನ. ಸುರಿದದ್ದನ್ನು ತೆಗೆದು ಮತ್ತೆ ಸುರಿಯಲು ಹೊತ್ತಿಲ್ಲ. ಎಲ್‌ಸಿ ತಿದ್ದಿಸಬೇಕೆಂದರೆ ಅಲ್ಲಿಯ ಬ್ಯಾಂಕು ವಾರಗಟ್ಟಲೆ ತೆಗೆದುಕೊಳ್ಳುತ್ತದೆ, ಕೊಟ್ಟ ಡಾಲರನ್ನು ಈ ನೆಪದಲ್ಲಿ ಹಿಂದಕ್ಕೆ ಪಡೆದರೂ ಪಡೆಯಿತು. ಉಳಿದದ್ದು ಒಂದೇ ದಾರಿ. ಉಳಿದ ಮೂರು ಹೊಟ್ಟೆಗೆ ಆದಷ್ಟೂ ಒಳ್ಳೆಯದನ್ನೇ ಸುರಿದು ಒಟ್ಟು ಅಂಕಿಯನ್ನು ಮೇಲೆತ್ತುವುದು. ಈ ಸಲ ಸರಿಯಾದ ಸೂತ್ರ ಹಾಕಿದೆ, ಮೂರು ಸಲ ನೋಡಿದೆ, ವಾಬ್‌ನಲ್ಲಿದ್ದವನಿಗೂ ಕಳಿಸಿದೆ. ಐದು ನಿಮಿಷದಲ್ಲಿ "ಸರಿಯಿದೆ" ಎಂದು ಉತ್ತರ ಬಂತು. ಬಂದರಿನಲ್ಲಿ ಉಳಿದ ಒಳ್ಳೆಯ ಗೋಧಿಯ ಜೊತೆಗೆ ಇನ್ನೂ ಮೂರೂವರೆ ಸಾವಿರ ಟನ್ ಸಿಕ್ಕರೆ ನಿರಾಳವಾಗಿ ದಾಟುತ್ತೇವೆ. ಅಷ್ಟು ಗೋಧಿ ವೆಟ್ಟರ್ನ್ ಸರೋವರದ ಹತ್ತಿರ ನಮ್ಮದೇ ಒಳನಾಡಿನ ಸೈಲೋದಲ್ಲಿತ್ತು. ನೂರು ಲಾರಿ ಬೇಕು.

ಶನಿವಾರ ಇಲ್ಲಿಯವರ ಪಿತೃಗಳ ಹಬ್ಬ. ಊರಿಗೂರೇ ಸ್ಮಶಾನಕ್ಕೆ ಹೋಗಿ ಸಮಾಧಿಗಳ ಮೇಲೆ ದೀಪ ಹಚ್ಚುವ ದಿನ. ಶುಕ್ರವಾರ ಮಧ್ಯಾಹ್ನಕ್ಕೇ ಎಲ್ಲ ಮುಚ್ಚುತ್ತದೆ. ಫೋನು ಹಿಡಿದು ಕೂತೆ. ಇಡೀ ಜಿಲ್ಲೆಯ ಲಾರಿಯವರಿಗೆ ಕರೆ ಮಾಡಿದೆ. ನನ್ನ ಸ್ವೀಡಿಷ್ ಅವತ್ತು ಕಚೇರಿಯ ಸ್ವೀಡಿಷ್ ಆಗಿರಲಿಲ್ಲ, ಬೇಡುವ ಸ್ವೀಡಿಷ್ ಆಗಿತ್ತು. ಶುಕ್ರವಾರ ಮಧ್ಯಾಹ್ನದವರೆಗೆ ಓಡಿಸಲು ಕೆಲವರು ಒಪ್ಪಿದರು. ಹಬ್ಬದ ದಿನಕ್ಕೆ ಕೇಳಿದಾಗಲೂ ಯಾರೂ ಒರಟಾಗಿ ಮಾತಾಡಲಿಲ್ಲ. ಮಕ್ಕಳು ಬರ್ತಾರೆ ಅಂದರು, ವಾರದ ಗಂಟೆ ಮುಗಿದಿದೆ, ಕಾನೂನು ಬಿಡಲ್ಲ ಅಂದರು. ಒಬ್ಬ ಮುದುಕ ಡ್ರೈವರ್ ಮಾತ್ರ, "ಬೆಳಗ್ಗೆ ಹೆಂಡತಿಯ ಸಮಾಧಿಗೆ ದೀಪ ಇಟ್ಟು ಬರ್ತೀನಿ. ಆಮೇಲೆ ಎರಡು ಸಲ ತರಬಲ್ಲೆ, ಅಷ್ಟೇ" ಅಂದ. ಹೇಳಿದಂತೆ ಎರಡು ಸಲ ತಂದ.

ಶನಿವಾರ ಸಂಜೆ ಒಂದು ಗಂಟೆಯ ಮಟ್ಟಿಗೆ ಮನೆಗೆ ಬಂದೆ. ನಾಲ್ಕಕ್ಕೇ ಕತ್ತಲು. ದಾರಿಯ ಸ್ಮಶಾನದ ತುಂಬ ದೀಪ, ಮಕ್ಕಳನ್ನು ಕೈಹಿಡಿದು ನಡೆಸಿಕೊಂಡು ಹೋಗುತ್ತಿದ್ದ ಜನ. ಗಂಡ ಅನ್ನ ಸಾರು ಮಾಡಿಟ್ಟಿದ್ದ. ಅವನು ಬೆಂಗಳೂರಿನವನು, ಲಿನ್‌ಶೋಪಿಂಗ್‌ನಲ್ಲಿ ಸಾಫ್ಟ್‌ವೇರ್ ಕೆಲಸ.

"ಎಷ್ಟಾಯ್ತು ಲಾರಿ?" ಅಂದ.

"ಇಪ್ಪತ್ತೆಂಟು."

"ನೂರಕ್ಕೆ ಇಪ್ಪತ್ತೆಂಟಾ? ಬಾಸ್ ಏನಂದ್ರು?"

"ಥ್ಯಾಂಕ್ಸ್ ಅಂದ್ರು."

"ಥ್ಯಾಂಕ್ಸಾ!" ಎಂದು ನಗಲು ಹೋದವನು ನನ್ನ ಮುಖ ನೋಡಿ ನಿಲ್ಲಿಸಿದ. "ಬೇಕಂತ ಮಾಡಿದ್ದಲ್ಲ ಕಣೇ. ಎರಡು ತುತ್ತು ತಿನ್ನು ಮೊದ್ಲು."

ಐದು ವರ್ಷದ ಮಗಳು ಬಂದು ನನ್ನ ಗಲ್ಲ ಹಿಡಿದು ಸ್ವೀಡಿಷ್‌ನಲ್ಲಿ ಕೇಳಿದಳು, ಮಮ್ಮಾ, ನೀನು ಬೇಜಾರಲ್ಲಿದ್ದೀಯಾ ಎಂದು. ಹೂಂ ಅಂದೆ. ಅವಳಿಗೆ ಸುಳ್ಳು ಹೇಳುವ ಶಕ್ತಿಯೂ ಇರಲಿಲ್ಲ.

ಕೊನೆಗೆ ಬಂದದ್ದು ಮೂವತ್ತು ಲಾರಿ, ಸಾವಿರ ಟನ್ನಿನ ಲೆಕ್ಕ. ಎಲ್‌ಸಿ ಶೇಕಡ ಐದರಷ್ಟು ಕಡಿಮೆ ತೂಕಕ್ಕೆ ಒಪ್ಪುತ್ತಿತ್ತು, ಆ ಕೊನೆಯ ಅಂಚಿನವರೆಗೂ ತೂಕ ಇಳಿಸಿದೆ. ಆದರೂ ಕೆಟ್ಟ ರಾಶಿಯಿಂದ ಒಂದಷ್ಟು ಸುರಿಯದೆ ವಿಧಿಯಿರಲಿಲ್ಲ. ನನ್ನ ಲೆಕ್ಕದಲ್ಲಿ ಇನ್ನೂರ ನಲವತ್ತೆಂಟು ಬರುತ್ತಿತ್ತು. ಪರೀಕ್ಷೆಯಲ್ಲಿ ಎರಡು ಮೂರು ಸೆಕೆಂಡು ಹೆಚ್ಚುಕಮ್ಮಿ ಆಗುವುದು ಸಹಜ. ಆ ಹೆಚ್ಚು ನಮ್ಮ ಕಡೆಗೆ ಬರಲಿ ಅಂತ ಊರಿನ ಎಲ್ಲ ದೇವರಿಗೂ ಹರಕೆ ಹೊತ್ತೆ.

ಭಾನುವಾರ ಮಧ್ಯಾಹ್ನ ಸರ್ವೇಯರ್ ಇಡೀ ಹಡಗಿನ ಮಾದರಿಗಳನ್ನು ಕೂಡಿಸಿ, ಬೀಸಿ, ಎರಡು ಕೊಳವೆ ಇಳಿಸಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಒಂದು ಇನ್ನೂರ ನಲವತ್ತಾರು. ಇನ್ನೊಂದು ಇನ್ನೂರ ನಲವತ್ತೆಂಟು. ನಿಯಮದ ಪ್ರಕಾರ ಎರಡೂ ಹತ್ತಿರ ಹತ್ತಿರ ಇದ್ದರೆ ಅವೆರಡರ ನಡುವಿನದೇ ಕೊನೆಯ ಅಂಕಿ. ಇನ್ನೂರ ನಲವತ್ತೇಳು.

ಮೂರು ಸೆಕೆಂಡು. ಅಷ್ಟು ವ್ಯತ್ಯಾಸದಿಂದ ರೊಟ್ಟಿ ಕೆಡುವುದಿಲ್ಲ. ಇದು ನನಗೂ ಗೊತ್ತು, ಅವನಿಗೂ ಗೊತ್ತು. ಬ್ಯಾಂಕಿಗೆ ಗೊತ್ತಿರಬೇಕಾದ ಅಗತ್ಯವಿಲ್ಲ.

ಸರ್ವೇಯರ್ ಕೈ ಒರೆಸಿಕೊಳ್ಳುತ್ತ ಹೇಳಿದ, "ಮೂರನೇ ಸಲ ಮಾಡಲು ನನಗೆ ಕಾರಣ ಬೇಕು. ಮೊದಲ ಪರೀಕ್ಷೆಯ ಮಾದರಿ ಕೆಟ್ಟಿತ್ತು, ನೀನು ಕಣ್ಣಾರೆ ನೋಡಿದೆ ಅಂತ ಬರೆದು ಸಹಿ ಮಾಡಿಕೊಟ್ಟರೆ ಮಾಡ್ತೀನಿ. ಕೆಟ್ಟಿತ್ತಾ?"

ಅವನು ಸುಳ್ಳು ಹೇಳು ಅನ್ನಲಿಲ್ಲ. ನಿಜವಾಗಿ ಕೇಳಿದ. ನಾನು ಅರ್ಧ ಗಂಟೆ ಕೊಡು ಅಂದೆ.

ಮೊದಲು ಡಾಕ್ಟರಿಗೆ ಕರೆ ಮಾಡಿ ಎಲ್ಲ ಹೇಳಿದೆ. ಮೂರನೆಯ ಕಾಲಮ್ಮಿನಿಂದ ಹಿಡಿದು ಎಲ್ಲ. ಅವರು, "ಸಹಿ ಮಾಡಿ" ಅಂದರು.

"ಡಾಕ್ಟರ್, ಮಾದರಿ ಕೆಟ್ಟಿರಲಿಲ್ಲ."

"ನನಗೆ ಗೊತ್ತು. ಗೋಧಿ ತಿನ್ನುವವರು ನಾವು, ಅದನ್ನು ಬೀಸುವವಳು ನಾನು. ನಾನೇ ಹೇಳ್ತಿದ್ದೀನಿ, ಈ ಗೋಧಿ ನನಗೆ ಸಾಕು. ಇಲ್ಲಿ ಯಾರಿಗೆ ಮೋಸ ಆಗುತ್ತೆ ಹೇಳಿ? ಮೂರನೇ ಸಲ ಮಾಡಿಸಿ. ನಾಲ್ಕನೇ ಸಲ ಮಾಡಿಸಿ. ಇನ್ನೂರೈವತ್ತು ಬರುವವರೆಗೆ ಮಾಡಿಸಿ."

ಯೋಚಿಸಿ ಹೇಳುತ್ತೇನೆ ಅಂದು ಫೋನಿಟ್ಟೆ. ಗಂಡನಿಗೆ ಕರೆ ಮಾಡಿದೆ.

"ಸೈನ್ ಮಾಡ್ಬಿಡು" ಅಂದ. "ತ್ರೀ ಸೆಕೆಂಡ್ಸ್ ತಾನೆ? ಆಯಮ್ಮನೇ ಓಕೆ ಅಂತಿದ್ದಾರೆ. ಯಾರಿಗೂ ಲಾಸ್ ಇಲ್ಲ."

"ಇವತ್ತು ಮೂರು ಬರೆದ್ರೆ ನಾಳೆ ಮೂವತ್ತು ಬರಿ ಅಂತಾರೆ. ಆಮೇಲೆ ನಾನು ಬರೆಯೋ ಯಾವ ನಂಬರ್‌ಗೆ ಬೆಲೆ ಇರುತ್ತೆ?"

"ಅದೆಲ್ಲಾ ನಾಳೆ ವಿಷಯ ಕಣೇ. ಇವತ್ತು ಅವರ ಗಿರಣಿ ಮುಚ್ಚುತ್ತೆ ಅಂತಿದ್ಯಲ್ಲ."

ಅವನು ಹೇಳಿದ್ದರಲ್ಲಿ ತಪ್ಪೇನಿತ್ತು? ಕೊನೆಗೆ ರಫ್ತು ಮುಖ್ಯಸ್ಥನನ್ನು ಕೇಳಿದೆ. ಅವನು ಕಿಟಕಿಯ ಹೊರಗೆ ನೋಡುತ್ತ, "ಕಂಡವಳು ನೀನು, ಸಹಿ ನಿನ್ನದು. ನೀನು ಏನು ತೀರ್ಮಾನಿಸಿದರೂ ನಾವು ನಿನ್ನ ಜೊತೆಗಿರ್ತೀವಿ" ಅಂದ. ನಮ್ಮೂರಿನ ಕಡೆಯ ಮೇಲಧಿಕಾರಿಯಾಗಿದ್ದರೆ ಮಾಡು ಅನ್ನುತ್ತಿದ್ದ, ಇಲ್ಲವೇ ಮಾಡಿದರೆ ಕಾಲು ಮುರೀತೀನಿ ಅನ್ನುತ್ತಿದ್ದ. ಯಾವುದಾದರೂ ಒಂದನ್ನು ಹಿಡಿದುಕೊಂಡು ಬದುಕಬಹುದಿತ್ತು. ಇವರ ಸೌಜನ್ಯದಲ್ಲಿ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

ನಾನು ಸಹಿ ಮಾಡಲಿಲ್ಲ.

ಸತ್ಯನಿಷ್ಠೆ ಅಂತ ಹೇಳಿಕೊಂಡು ಮೆರೆಯಲಾರೆ. ಅದೂ ಇತ್ತು. ಮಾದರಿ ಕೆಟ್ಟಿತ್ತು ಎಂದು ಬರೆದರೆ ನಿಷ್ಠೆಯಿಂದ ಕೆಲಸ ಮಾಡಿದ ಸರ್ವೇಯರನ ಮೇಲೆ ಕಪ್ಪು ಚುಕ್ಕೆ ಇಟ್ಟಂತಾಗುತ್ತದೆ ಅನ್ನುವುದೂ ಇತ್ತು. ಹೆದರಿಕೆಯೂ ಇತ್ತು. ಒಂದು ತಪ್ಪು ಮಾಡಿದವಳು ಎರಡನೆಯದನ್ನು ಮಾಡಲಾರೆ ಅನ್ನುವ ಜಂಬವೂ ಇತ್ತು. ಯಾವುದು ಎಷ್ಟು ಪಾಲು ಎಂದು ಇವತ್ತಿಗೂ ಬಿಡಿಸಲಾಗಿಲ್ಲ. ಪ್ರಮಾಣಪತ್ರದಲ್ಲಿ ಇನ್ನೂರ ನಲವತ್ತೇಳು ಎಂದು ಅಚ್ಚಾಯಿತು. ಹಡಗು ಹೊರಟಿತು.

ಆಸೆಯೊಂದು ಉಳಿದಿತ್ತು. ಕಾಗದದಲ್ಲಿ ವ್ಯತ್ಯಾಸವಿದ್ದರೂ ಕೊಳ್ಳುವವರು ನಮಗೆ ಒಪ್ಪಿಗೆ ಎಂದು ಬರೆದುಕೊಟ್ಟರೆ ಬ್ಯಾಂಕು ದುಡ್ಡು ಬಿಡುಗಡೆ ಮಾಡಬಹುದು. ಗಿರಣಿಯ ಮಾಲೀಕರು ಅದೇ ದಿನ ಬರೆದುಕೊಟ್ಟರು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಕಾಗದಗಳು ಶರತ್ತಿಗೆ ಹೊಂದುವುದಿಲ್ಲ, ಹೊಸದಾಗಿ ಡಾಲರು ಮಂಜೂರು ಮಾಡಿಸಿಕೊಳ್ಳಬೇಕು ಎಂದು ಬ್ಯಾಂಕು ಕಡತವನ್ನು ಸಾಲಿನ ಕೊನೆಗೆ ಇಟ್ಟಿತು. ಡಾಕ್ಟರ್ ಹೇಳಿದಂತೆ ಅವರಿಗೆ ಬೇಕಾಗಿದ್ದ ನೆಪ ಅದು. ನಾನು ಕೈಯಾರೆ ಬರೆದುಕೊಟ್ಟಿದ್ದೆ.

ಹಡಗು ಅಲ್ಲಿ ತಲುಪಿ ಬಂದರಿನ ಹೊರಗೆ ಲಂಗರು ಹಾಕಿತು. ಹಡಗುಗಳನ್ನು ತೋರಿಸುವ ನಕ್ಷೆಯನ್ನು ಫೋನಿನಲ್ಲಿ ದಿನಕ್ಕೆ ಹತ್ತು ಸಲ ನೋಡುತ್ತಿದ್ದೆ. ನೀಲಿಯ ಮೇಲೆ ಒಂದು ಹಸಿರು ಚುಕ್ಕೆ, ಅಲ್ಲೇ ಅಲುಗದೆ.

"ನನಗೆ ನಕ್ಷೆ ಬೇಡ" ಅಂದರು ಡಾಕ್ಟರ್ ಕರೆ ಮಾಡಿದಾಗ. "ಲ್ಯಾಬಿನ ಕಿಟಕಿಯಿಂದಲೇ ಕಾಣುತ್ತೆ." ಫೋನನ್ನು ತಿರುಗಿಸಿ ತೋರಿಸಿದರು. ಧೂಳು ಹಿಡಿದ ಗಾಜು, ಕೆಳಗೆ ರಸ್ತೆ, ಆಚೆ ಸಮುದ್ರ, ಅದರ ಮೇಲೆ ನಮ್ಮ ಹಡಗು. "ಹುಡುಗರು ಊಟದ ಹೊತ್ತಿಗೆ ಇಲ್ಲಿ ಬಂದು ನಿಲ್ತಾರೆ. ಇವತ್ತು ಇಳಿಸ್ತಾರಾ ಮೇಡಂ ಅಂತಾರೆ. ಇವತ್ತಲ್ಲ ಅಂತೀನಿ."

ಒಂಬತ್ತನೆಯ ದಿನ ಅಲ್ಲಿಯ ಸರ್ಕಾರ ತನ್ನ ಹಣದ ಬೆಲೆಯನ್ನು ಹಿಡಿದಿಟ್ಟಿದ್ದ ಕೈ ಸಡಿಲಿಸಿತು. ಒಂದೇ ಬೆಳಗ್ಗೆ ಬೆಲೆ ಜರ್ರನೆ ಇಳಿಯಿತು. ಒಂದು ಹಡಗಿಗೆಂದು ಗಿರಣಿಯವರು ಬ್ಯಾಂಕಿನಲ್ಲಿಟ್ಟಿದ್ದ ಹಣಕ್ಕೆ ಈಗ ಅರ್ಧ ಹಡಗಿಗಿಂತ ಸ್ವಲ್ಪ ಹೆಚ್ಚು ಗೋಧಿ ಬರುತ್ತಿತ್ತು, ಅಷ್ಟೇ. ಮೂರು ಸೆಕೆಂಡು ಹೆಚ್ಚು ಬಂದಿದ್ದರೆ ಆ ಬೆಳಗಿಗೆ ಮೊದಲೇ ಗೋಧಿ ಅವರ ಉಗ್ರಾಣದಲ್ಲಿರುತ್ತಿತ್ತು. ಎಷ್ಟು ಸಲ ಲೆಕ್ಕ ಹಾಕಿದರೂ ಅಷ್ಟೇ ಬರುತ್ತದೆ.

ಹಡಗು ನಿಂತಷ್ಟು ದಿನ ಬಾಡಿಗೆ ಏರುತ್ತದೆ. ಹತ್ತೊಂಬತ್ತನೆಯ ದಿನ ನಮ್ಮ ಕಂಪನಿ ಆ ಗೋಧಿಯನ್ನು ಯುರೋಪಿನ ಒಬ್ಬ ಪಶು ಆಹಾರದ ವ್ಯಾಪಾರಿಗೆ ಮಾರಿತು. ಹಸಿರು ಚುಕ್ಕೆ ಮೂತಿ ತಿರುಗಿಸಿ ಉತ್ತರಕ್ಕೆ ಹೊರಟಿತು. ಅವತ್ತು ನಾನು ಡಾಕ್ಟರಿಗೆ ಕರೆ ಮಾಡಲಿಲ್ಲ. ಧೈರ್ಯ ಬರಲಿಲ್ಲ. ಅವರೇ ಒಂದು ಸಾಲು ಕಳಿಸಿದರು, "ಹುಡುಗರಿಗೆ ಇನ್ನು ಏನೂ ಹೇಳಬೇಕಾಗಿಲ್ಲ."

ನಮ್ಮಲ್ಲಿ ತಪ್ಪು ನಡೆದರೆ ಒಂದು ವರದಿ ಬರೆದು ಸಭೆ ಸೇರುವ ಪದ್ಧತಿ. ಸೇರಿದೆವು. ಫೀಕಾ ಇತ್ತು, ಅಂದರೆ ಕಾಫಿ ಮತ್ತು ದಾಲ್ಚಿನ್ನಿ ಬನ್ನು. ಯಾರು ತಪ್ಪು ಮಾಡಿದರು ಅನ್ನುವುದು ಮುಖ್ಯವಲ್ಲ, ಪದ್ಧತಿಯಲ್ಲಿ ಎಲ್ಲಿ ತೂತಿತ್ತು ಅನ್ನುವುದು ಮುಖ್ಯ ಎಂದು ರಫ್ತು ಮುಖ್ಯಸ್ಥ ಹೇಳಿದ. ಎಲ್ಲರೂ ತಲೆಯಾಡಿಸಿದರು. ಮೂರನೆಯ ಕಾಲಮ್ಮಿಗೆ ಬೀಗ ಹಾಕುವುದೆಂದು ತೀರ್ಮಾನವಾಯಿತು. ವರದಿಯಲ್ಲಿ ಯಾರ ಹೆಸರೂ ಇರಲಿಲ್ಲ, "ಮಿಶ್ರಣದ ಲೆಕ್ಕದಲ್ಲಿ ವ್ಯತ್ಯಾಸ" ಎಂದಿತ್ತು. ಪ್ರಮಾಣಪತ್ರದ ವಿಷಯದಲ್ಲಿ ನಾನು ತೋರಿಸಿದ ಪ್ರಾಮಾಣಿಕತೆಗೆ ಧನ್ಯವಾದ ಹೇಳಿದರು. ಒಬ್ಬರಾದರೂ ಬೈಯಬಾರದೇ ಅನ್ನಿಸಿತು. ಬನ್ನನ್ನು ಕೈಯಲ್ಲೇ ಹಿಡಿದುಕೊಂಡು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಮಾಡಿದ್ದು ನಾನು, ಉಂಡದ್ದು ಅವರು. ನನ್ನ ಸಂಬಳದಲ್ಲಿ ಒಂದು ಕ್ರೋನ ಕಡಿಮೆಯಾಗಲಿಲ್ಲ.

ಫೆಬ್ರವರಿಯಲ್ಲಿ ಗಿರಣಿಗೆ ಬೀಗ ಬಿತ್ತು.

ಏಪ್ರಿಲಿನಲ್ಲಿ ಡಾಕ್ಟರಿಂದ ಮೇಲ್ ಬಂತು. ಕೊಲ್ಲಿ ದೇಶವೊಂದರ ಹಿಟ್ಟಿನ ಕಾರ್ಖಾನೆಯಲ್ಲಿ ಲ್ಯಾಬ್ ಕೆಲಸಕ್ಕೆ ಅರ್ಜಿ ಹಾಕಿದ್ದಾರೆ, ಮುಖ್ಯಸ್ಥೆಯ ಹುದ್ದೆಯಲ್ಲ, ಪಾಳಿಯಲ್ಲಿ ಕೊಳವೆ ಇಳಿಸುವ ಕೆಲಸ. ಕಾರ್ಖಾನೆಯವರು ಯುರೋಪಿನವರಿಂದ ಒಂದು ಶಿಫಾರಸು ಪತ್ರ ಕೇಳಿದ್ದಾರೆ. "ನೀವು ಇಲ್ಲದ ಅಂಕಿಯನ್ನು ಬರೆಯುವವರಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀವು ಬರೆದರೆ ಅದಕ್ಕೆ ಬೆಲೆ ಇರುತ್ತೆ" ಎಂದಿತ್ತು. ಚುಚ್ಚಲು ಬರೆದದ್ದೋ ಮನಸ್ಸಿನಿಂದ ಬರೆದದ್ದೋ ತಿಳಿಯಲಿಲ್ಲ. ಎರಡೂ ಇರಬಹುದು.

ಒಂದು ಶನಿವಾರ ಇಡೀ ಬೆಳಗ್ಗೆ ಕೂತು ಬರೆದೆ. ಅವರ ಕೆಲಸ, ಅವರ ಅಳತೆಯ ಖಚಿತತೆ, ನಾಲ್ಕು ವರ್ಷದಲ್ಲಿ ನಮ್ಮ ಎರಡು ತಪ್ಪುಗಳನ್ನು ಅವರೇ ಹಿಡಿದುಕೊಟ್ಟದ್ದು. ಪತ್ರದ ಜೊತೆ ತುಂಬಬೇಕಾದ ಕಾರ್ಖಾನೆಯ ಫಾರಮ್ಮಿನಲ್ಲಿ, ಅವರು ಹಿಂದಿನ ಕೆಲಸ ಬಿಡಲು ಕಾರಣವೇನು ಎಂದು ಒಂದು ಪ್ರಶ್ನೆ ಇತ್ತು. ಅಲ್ಲಿ ಬರೆದೆ, "ಗಿರಣಿ ಮುಚ್ಚಿತು. ಮುಚ್ಚಲು ಅವರ ಕಡೆಯ ಯಾವ ಲೋಪವೂ ಕಾರಣವಲ್ಲ. ಗೋಧಿಯ ಮಿಶ್ರಣದ ಲೆಕ್ಕವನ್ನು ನಾನು ತಪ್ಪಾಗಿ ಹಾಕಿದ್ದರಿಂದ ಅವರ ಗೋಧಿ ಅವರಿಗೆ ತಲುಪಲಿಲ್ಲ." ಯಾವ ವರದಿಯಲ್ಲೂ ಇಲ್ಲದ ಮಾತು. ಬರೆದ ಮೇಲೆ ಎಷ್ಟೋ ತಿಂಗಳ ನಂತರ ಉಸಿರು ಸಲೀಸಾಗಿ ಆಡಿತು. ಕಳಿಸುವ ಮೊದಲು ಒಮ್ಮೆ ನೋಡಿ ಎಂದು ಅವರಿಗೆ ಹಾಕಿದೆ.

ಸಂಜೆಯೊಳಗೆ ಕರೆ ಬಂತು. ಕ್ಯಾಮೆರಾ ಹಾಕಿರಲಿಲ್ಲ, ದನಿ ಮಾತ್ರ.

"ಆ ಕೊನೆಯ ಸಾಲು ತೆಗೆದುಬಿಡಿ."

"ಅದು ನಿಜ ಡಾಕ್ಟರ್."

"ನಿಜ. ಆದರೆ ಲೆಕ್ಕ ತಪ್ಪುವವಳ ಶಿಫಾರಸು ತಗೊಂಡು ಅವರೇನು ಮಾಡ್ತಾರೆ? ನಿಮ್ಮ ಮನಸ್ಸು ಹಗುರಾಗುತ್ತೆ, ನನ್ನ ಅರ್ಜಿ ಕಸದ ಬುಟ್ಟಿಗೆ ಹೋಗುತ್ತೆ." ಮತ್ತೆ ಅಂದರು, "ಈ ಸಲವಾದರೂ ನನ್ನ ಮಾತು ಕೇಳಿ."

ಆ ಸಾಲು ಅಳಿಸಿದೆ. "ಹಣದ ಬೆಲೆ ಕುಸಿದದ್ದರಿಂದ ಗಿರಣಿ ಮುಚ್ಚಿತು" ಎಂದಷ್ಟೇ ಬರೆದು, ಕೆಳಗೆ ಸಹಿ ಮಾಡಿ ಕಳಿಸಿದೆ.